ಬಾಂಡಾ: ಜಾಯಿಕಾಯಿಯ ನಾಡು, ಊರುಬಿಟ್ಟ ನುಡಿ

ನಮ್ಮ ಅಡುಗೆಮನೆಗಳಲ್ಲಿ ಜಾಯಿಕಾಯಿಗೆ ಮೆಣಸು ಏಲಕ್ಕಿಗಳಷ್ಟು ದೊಡ್ಡ ಅಧಿಕಾರವಿಲ್ಲ. ಹೋಳಿಗೆಯ ಹೂರಣಕ್ಕೆ, ಶ್ರೀಖಂಡಕ್ಕೆ, ಬಾಣಂತಿಯ ಲೇಹ್ಯಕ್ಕೆ ಒಂದು ಚಿಟಿಕೆ. ಎಳೆಗೂಸು ರಾತ್ರಿಯಿಡೀ ರಚ್ಚೆ ಹಿಡಿದರೆ ಬಜೆಯ ಜೊತೆ ತೇಯುವ ಕಲ್ಲಿನ ಮೇಲೆ ಎರಡು ಸುತ್ತು. ಒಂದು ಕಾಯಿ ತಂದಿಟ್ಟರೆ ವರ್ಷ ಕಳೆಯುತ್ತದೆ. ಇಷ್ಟು ಅಲ್ಪ ಬಳಕೆಯ ವಸ್ತುವೊಂದಕ್ಕಾಗಿ ಹದಿನೇಳನೆಯ ಶತಮಾನದಲ್ಲಿ ಒಂದು ದ್ವೀಪಸಮೂಹದ ಜನರೇ ಹೆಚ್ಚುಕಡಿಮೆ ಇಲ್ಲವಾದರು ಎಂಬುದು ಮೊದಲ ಓದಿಗೆ ಉತ್ಪ್ರೇಕ್ಷೆಯಂತೆ ಕಾಣುತ್ತದೆ. ಆದರೆ ಅದು ನಡೆದದ್ದು. ಅದಕ್ಕೆ ತಾರೀಖಿದೆ, ಕೊಂದವರ ಹೆಸರಿದೆ, ಕಣ್ಣಾರೆ ಕಂಡವನ ಬರಹವೂ ಇದೆ. ಹಾಗೆ ಅಳಿದುಳಿದ ಜನರ ನುಡಿ ಇಂದು ಎಲ್ಲಿ ಉಸಿರಾಡುತ್ತಿದೆ ಎಂಬ ಪ್ರಶ್ನೆ, ನಾಡಿನಿಂದ ದೂರವಿದ್ದು ಕನ್ನಡದಲ್ಲಿ ಬರೆಯುವ ನಮ್ಮಂಥವರಿಗೆ ಇನ್ನಷ್ಟು ಹತ್ತಿರದ್ದು.

ಬಾಂಡಾ ಎಂದರೆ ಇಂಡೋನೇಷಿಯಾದ ಮಲುಕು ಪ್ರಾಂತದಲ್ಲಿ, ಸೆರಾಮ್ ದ್ವೀಪದ ದಕ್ಷಿಣಕ್ಕೆ, ಬಹಳ ಆಳವಾದ ಕಡಲಿನ ನಡುವೆ ಎದ್ದು ನಿಂತ ಹತ್ತು ಹನ್ನೊಂದು ಪುಟ್ಟ ದ್ವೀಪಗಳು. ನೈರಾ, ಲೊಂತೋರ್, ಗುನುಂಗ್ ಆಪಿ ಈ ಮೂರೂ ಒಂದಕ್ಕೊಂದು ಎದುರಾಗಿ ಕುಳಿತು ನಡುವೆ ನಿಶ್ಚಲವಾದ ಬಂದರೊಂದನ್ನು ರೂಪಿಸಿವೆ. ಗುನುಂಗ್ ಆಪಿ ಎಂದರೆ ಬೆಂಕಿಬೆಟ್ಟ. ಸುಮಾರು 650 ಮೀಟರ್ ಎತ್ತರದ ಜ್ವಾಲಾಮುಖಿ, ಕೊನೆಯ ಬಾರಿ ಸಿಡಿದದ್ದು 1988ರ ಮೇ ತಿಂಗಳಲ್ಲಿ. ಸ್ವಲ್ಪ ದೂರದಲ್ಲಿ ಅಯ್, ಅದರಾಚೆ ರುನ್. ರುನ್ ದ್ವೀಪದ ಉದ್ದ ಸುಮಾರು 3 ಕಿಲೋಮೀಟರ್, ಅಗಲ 1 ಕಿಲೋಮೀಟರಿಗೂ ಕಡಿಮೆ. ನಮ್ಮ ಕಡೆ ಒಂದು ಹಳ್ಳಿಯ ಹೊಲಗದ್ದೆಗಳೆಲ್ಲ ಸೇರಿದರೆ ಅಷ್ಟಾಗುತ್ತದೆ. ಸಾಧಾರಣ ಭೂಪಟದಲ್ಲಿ ಇವು ಚುಕ್ಕೆಯಾಗಿಯೂ ಕಾಣುವುದಿಲ್ಲ.

ಹದಿನೆಂಟನೆಯ ಶತಮಾನ ಮುಗಿಯುತ್ತ ಬರುವವರೆಗೆ ಜಗತ್ತಿನ ಪೇಟೆಗಳಿಗೆ ಬರುತ್ತಿದ್ದ ಒಳ್ಳೆಯ ಜಾಯಿಕಾಯಿಯೆಲ್ಲ ಈ ಚುಕ್ಕೆಗಳಿಂದಲೇ ಬರುತ್ತಿತ್ತು. ಚರಕಸಂಹಿತೆಯಲ್ಲಿ ಬಾಯಿಯ ಸುಗಂಧಕ್ಕೆಂದು ಬಾಯಲ್ಲಿರಿಸಿಕೊಳ್ಳುವ ವಸ್ತುಗಳ ಪಟ್ಟಿಯಲ್ಲಿ ಜಾತಿಯ ಫಲ ಬರುತ್ತದೆ. ನಮ್ಮ ವೈದ್ಯ ಅದನ್ನು ತೂಕ ಮಾಡಿ ಕೊಡುತ್ತಿದ್ದಾಗ ಅದು ಬೆಳೆಯುವ ಮರವನ್ನು ಅವನಾಗಲಿ, ಅವನಿಗೆ ಮಾರಿದ ಸೆಟ್ಟಿಯಾಗಲಿ, ಸೆಟ್ಟಿಗೆ ತಂದುಕೊಟ್ಟ ನಾವಿಕನಾಗಲಿ ಕಂಡಿರಲಾರರು. ಕೈಯಿಂದ ಕೈಗೆ, ಬಂದರಿನಿಂದ ಬಂದರಿಗೆ ದಾಟಿ ಬಂದ ಸರಕು ಅದು. ಅಯ್ ದ್ವೀಪದ ಉತ್ಖನನದಲ್ಲಿ ಸಿಕ್ಕ ಮಡಕೆಯ ಚೂರುಗಳಿಗೆ ಅಂಟಿದ್ದ ಜಾಯಿಕಾಯಿಯ ಅವಶೇಷ ಸುಮಾರು 3,500 ವರ್ಷ ಹಳೆಯದೆಂದು 2018ರಲ್ಲಿ ಪುರಾತತ್ವಜ್ಞರು ಪ್ರಕಟಿಸಿದರು. ಅಂದರೆ ಯಾವ ಯುರೋಪಿಯನ್ ಹಡಗೂ ‘ಕಂಡುಹಿಡಿಯುವ’ ಮೂರು ಸಾವಿರ ವರ್ಷ ಮೊದಲೇ ಅಲ್ಲಿನ ಜನ ತಮ್ಮ ಮರದ ಗುಣವನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಮರದ ಬಗ್ಗೆ ನಾಲ್ಕು ಮಾತು ಅಗತ್ಯ, ಏಕೆಂದರೆ ಇತಿಹಾಸದ ಅರ್ಧ ಪಾಲು ಆ ಮರದ ಸ್ವಭಾವದಿಂದಲೇ ಹುಟ್ಟಿದ್ದು. ಜಾಯಿಕಾಯಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಬೆಳೆಸಿದರೆ ಆರೆಂಟು ವರ್ಷ ಕಳೆದು ಹೂ ಬಿಡುವವರೆಗೆ ಯಾವುದು ಯಾವುದೆಂದು ತಿಳಿಯದು; ಇಂದು ನಮ್ಮ ಕರಾವಳಿಯಲ್ಲೂ ಶಿರಸಿಯ ಅಡಕೆ ತೋಟಗಳಲ್ಲೂ ಜಾಯಿಕಾಯಿ ಹಾಕುವವರು ಕಸಿ ಗಿಡವನ್ನೇ ಕೇಳುವುದು ಇದಕ್ಕಾಗಿ. ನೇರ ಬಿಸಿಲು ಅದಕ್ಕೆ ಆಗದು. ಬಾಂಡಾದಲ್ಲಿ ಎತ್ತರದ ಕೆನಾರಿ ಮರಗಳ ನೆರಳಿನಲ್ಲಿ ಬೆಳೆಯುತ್ತದೆ. ಹಣ್ಣು ಮಾಗಿದಾಗ ತಾನಾಗಿ ಬಿರಿದು, ಒಳಗೆ ಕಡು ಕೆಂಪು ಜಾಲರಿ ಹೊದ್ದ ಬೀಜ ಕಾಣುತ್ತದೆ. ಆ ಜಾಲರಿಯೇ ಜಾಪತ್ರೆ. ಅದನ್ನು ಬಿಡಿಸಿ ಒಣಗಿಸಿದರೆ ಕೆಂಪು ಮಾಸಿ ಕಿತ್ತಳೆಗೆ ತಿರುಗುತ್ತದೆ. ಚಿಪ್ಪಿನೊಳಗಿನ ಕಾಯಿಯನ್ನು ಹೊಗೆಯ ಮೇಲೆ ವಾರಗಟ್ಟಲೆ ಒಣಗಿಸಿ, ಅಲುಗಾಡಿಸಿದಾಗ ಒಳಗೆ ಲೊಟಲೊಟ ಎಂದರೆ ಚಿಪ್ಪು ಒಡೆಯುತ್ತಾರೆ. ಉದ್ದ ಕೋಲಿನ ತುದಿಗೆ ಬೆತ್ತದ ಬುಟ್ಟಿ ಕಟ್ಟಿ ಹಣ್ಣನ್ನು ಪೆಟ್ಟಾಗದಂತೆ ಇಳಿಸುವ ಕ್ರಮ ಅಲ್ಲಿ ಇಂದಿಗೂ ಇದೆ. ಬೀಜವನ್ನು ಹರಡುವ ಕೆಲಸ ಮಾಡುವುದು ದೊಡ್ಡ ಜಾತಿಯ ಪಾರಿವಾಳ. ಕಾಯಿಯನ್ನು ನುಂಗಿ, ಜಾಪತ್ರೆಯನ್ನು ಮಾತ್ರ ಜೀರ್ಣಿಸಿಕೊಂಡು, ಬೀಜವನ್ನು ಬೇರೆಲ್ಲೋ ಉದುರಿಸುತ್ತದೆ. ಮುಂದೆ ಬಂದ ಡಚ್ ಕಂಪನಿ ಮನುಷ್ಯರ ಮೇಲೆಲ್ಲ ಕಟ್ಟು ಹಾಕಿತು. ಈ ಹಕ್ಕಿಯ ಮೇಲೆ ಹಾಕಲಾಗಲಿಲ್ಲ.

ಈ ಮರದ ಸೋದರಸಂಬಂಧಿಗಳು ನಮ್ಮ ಸಹ್ಯಾದ್ರಿಯಲ್ಲೇ ಇವೆ ಎಂಬುದನ್ನೂ ಇಲ್ಲಿ ನೆನೆಯಬಹುದು. ಸಿದ್ದಾಪುರದ ಕತ್ತಲೆಕಾನಿನಂಥ ಕಡೆ, ನೀರು ನಿಂತ ಜೌಗಿನಲ್ಲಿ ಬೇರುಗಳನ್ನು ಮೊಣಕಾಲಿನಂತೆ ಮೇಲೆತ್ತಿ ನಿಂತ ಆ ಕಾಡುಜಾತಿಯ ಮರಗಳು ಬಹಳ ಪ್ರಾಚೀನ ಕುಲದವು. ಅದೇ ಕುಲದ ರಾಮಪತ್ರೆ ಜಾಪತ್ರೆಯಂತೆಯೇ ಕಾಣುತ್ತದೆ, ಆದರೆ ಪರಿಮಳ ತೀರ ಕಡಿಮೆ. ಜಗತ್ತಿನ ಪೇಟೆಯಲ್ಲಿ ಅದಕ್ಕೆ ‘ಬಾಂಬೆ ಮೇಸ್’ ಎಂಬ ಹೆಸರು ಬಂತು. ಅಸಲಿ ಜಾಪತ್ರೆಗೆ ಬೆರಕೆ ಮಾಡಲು ಅದು ಕುಖ್ಯಾತ. ನಮ್ಮ ಕಾಡಿನ ಮರ, ಮುಂಬಯಿಯ ಹೆಸರು, ಕಲಬೆರಕೆಯ ಕೀರ್ತಿ. ಮುಂಬಯಿಯ ಗೆಳೆಯರು ಬೇಸರಿಸಬಾರದು.

ಬಾಂಡಾದಲ್ಲಿ ಅರಸನಿರಲಿಲ್ಲ. ‘ಒರಾಂಗ್ ಕಾಯಾ’, ಎಂದರೆ ಸಿರಿವಂತರು, ಎಂದು ಕರೆಸಿಕೊಳ್ಳುತ್ತಿದ್ದ ಊರ ಹಿರಿಯರು ಕೂತು ಮಾತಾಡಿ ತೀರ್ಮಾನಿಸುತ್ತಿದ್ದರು. ಊರುಗಳು ಐದರ ಕೂಟ, ಒಂಬತ್ತರ ಕೂಟ ಎಂದು ಎರಡು ಬಣಗಳಾಗಿ ತಮ್ಮತಮ್ಮಲ್ಲಿ ಕಾದಾಡುತ್ತಲೂ ಇದ್ದವು. ಹದಿನೈದನೆಯ ಶತಮಾನದ ವೇಳೆಗೆ ವ್ಯಾಪಾರದ ಹಾದಿಯಲ್ಲೇ ಇಸ್ಲಾಂ ಅಲ್ಲಿಗೆ ಬಂದು ನೆಲೆಸಿತ್ತು. ಜ್ವಾಲಾಮುಖಿಯ ಆ ನೆಲದಲ್ಲಿ ಅಕ್ಕಿ ಬೆಳೆಯುತ್ತಿರಲಿಲ್ಲ. ತಿನ್ನುವ ಸಾಗು ಸೆರಾಮ್, ಕೇಯಿ, ಆರು ದ್ವೀಪಗಳಿಂದ ಬರಬೇಕು, ಅಕ್ಕಿ ಜಾವಾದಿಂದ ಬರಬೇಕು, ಉಡುವ ಬಟ್ಟೆ ಗುಜರಾತಿನಿಂದಲೂ ಕೋರಮಂಡಲ ತೀರದಿಂದಲೂ ಬರಬೇಕು. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳದಿದ್ದರೆ ಮುಂದಿನ ಕತೆ ಅರ್ಥವಾಗುವುದಿಲ್ಲ. ಬಾಂಡಾದವರಿಗೆ ಹಲವರೊಡನೆ ವ್ಯಾಪಾರ ಮಾಡುವುದು ದುರಾಸೆಯಾಗಿರಲಿಲ್ಲ, ಬದುಕುವ ಮಾರ್ಗವಾಗಿತ್ತು. ಒಬ್ಬನಿಗೇ ಮಾರುತ್ತೇವೆಂದು ಒಪ್ಪಿಕೊಂಡರೆ ಮರುವರ್ಷ ಉಪವಾಸ.

ಮೊದಲು ಬಂದವರು ಪೋರ್ಚುಗೀಸರು. ಆ ಕತೆಯ ಒಂದು ಎಳೆ ನಮ್ಮ ಹೊನ್ನಾವರದಲ್ಲಿದೆ. ಹೊನ್ನಾವರದ ನೌಕಾನಾಯಕ ತಿಮ್ಮಯ್ಯ (ಪೋರ್ಚುಗೀಸರ ‘ತಿಮೋಜ’) ಕೊಟ್ಟ ಸಲಹೆ ಸಹಾಯಗಳಿಂದ 1510ರಲ್ಲಿ ಅಲ್ಬುಕರ್ಕ್ ಬಿಜಾಪುರದವರ ಕೈಯಿಂದ ಗೋವೆಯನ್ನು ಕಿತ್ತುಕೊಂಡ. ಗೋವೆಯ ನೆಲೆ ಸಿಕ್ಕ ಮೇಲೆ 1511ರಲ್ಲಿ ಮಲಕ್ಕಾ ಅವನ ಕೈವಶವಾಯಿತು. ಅದೇ ವರ್ಷದ ಕೊನೆಗೆ ಮಲಕ್ಕಾದಿಂದ ಅಂತೋನಿಯೊ ದ ಅಬ್ರೆಯು ಎಂಬಾತನ ನೇತೃತ್ವದಲ್ಲಿ ಹೊರಟ ಹಡಗುಗಳು 1512ರ ಆರಂಭದಲ್ಲಿ ಬಾಂಡಾ ಸೇರಿ ಜಾಯಿಕಾಯಿ ತುಂಬಿಕೊಂಡು ಮರಳಿದವು. ಶರಾವತಿಯ ಅಳಿವೆಯಿಂದ ಬಾಂಡಾಕ್ಕೆ ಎರಡೇ ವರ್ಷ! ಆದರೂ ಪೋರ್ಚುಗೀಸರಿಗೆ ಅಲ್ಲಿ ಬೇರು ಬಿಡಲು ಆಗಲಿಲ್ಲ. ಕೋಟೆ ಕಟ್ಟಲು ಹೊರಟು ಊರವರ ವಿರೋಧದಿಂದ ಕೈಬಿಟ್ಟರು. ಮಲಕ್ಕಾದಲ್ಲಿ ಕುಳಿತು ಮಧ್ಯವರ್ತಿಗಳಿಂದ ಕೊಳ್ಳುವುದೇ ಮೇಲೆಂದುಕೊಂಡರು.

ಡಚ್ಚರು ಬಂದದ್ದು 1599ರಲ್ಲಿ. ಅವರು ಹಡಗಿನ ತುಂಬ ಉಣ್ಣೆಯ ಬಟ್ಟೆ, ಮಖಮಲ್ಲು ತಂದಿದ್ದರು. ಸಮಭಾಜಕದ ಪಕ್ಕದ ಸೆಕೆಯಲ್ಲಿ ಉಣ್ಣೆ! ಬಾಂಡಾದವರಿಗೆ ಬೇಕಾಗಿದ್ದದ್ದು ಹತ್ತಿಯ ಬಟ್ಟೆ, ಅದೂ ತಾವು ತಲೆಮಾರುಗಳಿಂದ ಗುರುತು ಹಿಡಿದು ಕೊಳ್ಳುತ್ತಿದ್ದ ಬಣ್ಣ ಬಳ್ಳಿಗಳದ್ದು. ಡಚ್ಚರು ಬೇಗ ಕಲಿತರು. 1605ರ ಹೊತ್ತಿಗೆ ಗೋಲ್ಕೊಂಡದ ಬಂದರಾದ ಮಚಲೀಪಟ್ಟಣದಲ್ಲಿ, ಸ್ವಲ್ಪ ಕಾಲದಲ್ಲೇ ಇಂದಿನ ಚೆನ್ನೈಗೆ ಉತ್ತರದ ಪಳವೇರ್ಕಾಡಿನಲ್ಲಿ ಮಳಿಗೆ ತೆರೆದರು. ಇಲ್ಲಿ ಬಟ್ಟೆ ಕೊಂಡು ಅಲ್ಲಿ ಮಸಾಲೆ ಕೊಳ್ಳುವ ಏರ್ಪಾಡು. ಪಳವೇರ್ಕಾಡಿನಲ್ಲಿ ಇಂದಿಗೂ ಇರುವ ಡಚ್ ಗೋರಿಗಳ ನಡುವೆ ಅಡ್ಡಾಡುವ ಚೆನ್ನೈನ ನಮ್ಮ ಬಳಗದವರು, ಅಲ್ಲಿ ಮಲಗಿದವರ ಲೆಕ್ಕದ ಪುಸ್ತಕದ ಇನ್ನೊಂದು ಪುಟ ಬಾಂಡಾದಲ್ಲಿದೆ ಎಂಬುದನ್ನು ನೆನಪಿಡಬೇಕು.

1602ರಲ್ಲಿ ಕೆಲವು ಒರಾಂಗ್ ಕಾಯಾಗಳಿಂದ ಡಚ್ಚರು ಒಂದು ಕರಾರುಪತ್ರಕ್ಕೆ ಗುರುತು ಹಾಕಿಸಿಕೊಂಡರು: ಜಾಯಿಕಾಯಿಯನ್ನು ತಮಗಲ್ಲದೆ ಬೇರೆಯವರಿಗೆ ಮಾರಕೂಡದು. ಎಲ್ಲ ಹಿರಿಯರೂ ಸಹಿ ಮಾಡಿರಲಿಲ್ಲ. ಮಾಡಿದವರಿಗೂ ಪರಭಾಷೆಯ ಆ ಕಾಗದದ ಒಕ್ಕಣೆ ಎಷ್ಟು ತಿಳಿದಿತ್ತೋ. ಯುದ್ಧಹಡಗಿನ ಮುಂದೆ ನಿಂತು ಇಲ್ಲವೆನ್ನುವುದಕ್ಕಿಂತ ಗುರುತು ಹಾಕಿ ಕಳಿಸುವುದು ಸುಲಭ ಎಂದು ಅವರು ಭಾವಿಸಿರಬೇಕು. ಡಚ್ಚರ ಕಣ್ಣಿನಲ್ಲಿ ಅದು ಕಾನೂನು. ಆಮೇಲೆ ಜಾವಾದವನಿಗೋ ಇಂಗ್ಲಿಷರಿಗೋ ಒಂದು ಮೂಟೆ ಮಾರಿದರೂ ಅದು ವಚನಭಂಗ. ವಸಾಹತುಗಳ ಇತಿಹಾಸದಲ್ಲಿ ಖಡ್ಗಕ್ಕಿಂತ ಮೊದಲು ಕಾಗದ ಬರುತ್ತದೆಂಬುದನ್ನು ನಾವು ನಮ್ಮ ದೇಶದ ಉದಾಹರಣೆಗಳಿಂದಲೂ ಬಲ್ಲೆವು. ಆದರೆ ಬಾಂಡಾದಷ್ಟು ಬೇಗ ಅದು ಕತ್ತಿಯಾದದ್ದು ಅಪರೂಪ.

1609ರಲ್ಲಿ ಅಡ್ಮಿರಲ್ ವರ್ಹೂವೆನ್ ದೊಡ್ಡ ನೌಕಾಪಡೆಯೊಂದಿಗೆ ಬಂದು ನೈರಾದಲ್ಲಿ ಪೋರ್ಚುಗೀಸರು ಬಿಟ್ಟುಹೋಗಿದ್ದ ಅಡಿಪಾಯದ ಮೇಲೆಯೇ ನಾಸಾವ್ ಕೋಟೆ ಎಬ್ಬಿಸತೊಡಗಿದ. ಹಿರಿಯರು ಮಾತುಕತೆಗೆಂದು ಅವನನ್ನು ಕಾಡಿನಂಚಿಗೆ ಕರೆಸಿದರು. ಅಲ್ಲಿ ಅವನೂ ಅವನ ಜೊತೆಗಿದ್ದ ಹಲವರೂ ಹತರಾದರು. ಆ ನೌಕಾಪಡೆಯಲ್ಲಿ ಯಾನ್ ಪೀಟರ್‌ಸೋನ್ ಕೂನ್ ಎಂಬ ತರುಣ ಗುಮಾಸ್ತನೊಬ್ಬನಿದ್ದ. ಅವನು ಅದನ್ನು ಮರೆಯಲಿಲ್ಲ.

ಇಂಗ್ಲಿಷರು ಅಯ್, ರುನ್ ದ್ವೀಪಗಳ ಕಡೆಯಿಂದ ಪ್ರವೇಶಿಸಿದ್ದರು. 1616ರ ಡಿಸೆಂಬರಿನಲ್ಲಿ ನಥಾನಿಯೆಲ್ ಕೋರ್ಟ್‌ಹೋಪ್ ಎಂಬ ಕಪ್ತಾನ ಎರಡು ಹಡಗುಗಳಲ್ಲಿ ರುನ್‌ಗೆ ಬಂದಿಳಿದ. ಡಚ್ಚರಿಗಿಂತ ಇವರೇ ವಾಸಿ ಎಂದುಕೊಂಡ ಅಲ್ಲಿನ ಹಿರಿಯರು ತಮ್ಮ ದ್ವೀಪವನ್ನು ಇಂಗ್ಲೆಂಡಿನ ಅರಸನಿಗೆ ಒಪ್ಪಿಸಿದರು. ಎರಡೂ ಹಡಗುಗಳು ಬೇಗನೆ ಕೈಬಿಟ್ಟುಹೋದವು. ಮುಂದೆ ಸುಮಾರು ನಾಲ್ಕು ವರ್ಷ, ಕುಡಿಯುವ ನೀರಿನ ಒರತೆಯೂ ಸರಿಯಾಗಿಲ್ಲದ ಆ ದ್ವೀಪದಲ್ಲಿ, ಮಳೆನೀರು ಹಿಡಿದು, ಸಾಗು ತಿಂದು, ಡಚ್ ಮುತ್ತಿಗೆಯನ್ನು ಬೆರಳೆಣಿಕೆಯ ಜನ ತಡೆದು ನಿಂತರು. 1620ರ ಅಕ್ಟೋಬರಿನ ಒಂದು ರಾತ್ರಿ ದೋಣಿಯಲ್ಲಿ ಮರಳುವಾಗ ಡಚ್ಚರ ಗುಂಡೇಟಿಗೆ ಕೋರ್ಟ್‌ಹೋಪ್ ಸತ್ತ. ಸಾಹಸದ ಕತೆ, ನಿಜ. ಇಂಗ್ಲಿಷಿನಲ್ಲಿ ಅದನ್ನು ರೋಚಕವಾಗಿ ಬರೆದವರೂ ಇದ್ದಾರೆ, ನಾವು ಓದಿ ಮೆಚ್ಚಿದವರೂ ಹೌದು. ಆದರೆ ಆ ನಾಲ್ಕು ವರ್ಷ ಅವನ ಜೊತೆಗೆ ನಿಂತು ಹಸಿದವರು, ಅವನಿಗಾಗಿ ಕಡಲು ದಾಟಿ ಸಾಗು ತಂದವರು ರುನ್‌ನ ಜನ. ಅವರ ಪೈಕಿ ಒಬ್ಬರ ಹೆಸರೂ ಸಾಮಾನ್ಯ ಓದುಗನ ಕಿವಿಗೆ ಬಿದ್ದಿಲ್ಲ.

ಮರುವರ್ಷ, 1621ರಲ್ಲಿ, ಕೂನ್ ಬಂದ. ಈಗ ಅವನು ಗುಮಾಸ್ತನಲ್ಲ, ಡಚ್ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್. ಹತ್ತಾರು ಹಡಗುಗಳು, ಸುಮಾರು 1,600 ಯುರೋಪಿಯನ್ ಸೈನಿಕರು, ಎಂಬತ್ತು ನೂರರಷ್ಟು ಜಪಾನಿ ಕೂಲಿಯೋಧರು, ಹುಟ್ಟು ಹಾಕಲು ಸಂಕೋಲೆಯ ಜಾವಾ ಕೈದಿಗಳು. ಮಾರ್ಚಿಯಲ್ಲಿ ಲೊಂತೋರ್ ಅವನ ವಶವಾಯಿತು. ಹಿರಿಯರು ಶರಣಾಗಿ ಆಯುಧಗಳನ್ನು ಒಪ್ಪಿಸಿದರು. ಆದರೆ ಸೆಲಮೋನ್ ಎಂಬ ಊರಿನಲ್ಲಿ ಡಚ್ ಅಧಿಕಾರಿಯೊಬ್ಬ ಅಲ್ಲಿನ ಮಸೀದಿಯನ್ನೇ ಬಿಡಾರ ಮಾಡಿಕೊಂಡಿದ್ದ. ಏಪ್ರಿಲಿನ ಒಂದು ರಾತ್ರಿ ಆ ಮಸೀದಿಯಲ್ಲಿ ತೂಗುಹಾಕಿದ್ದ ದೀಪವೊಂದು ಕಳಚಿ ಬಿತ್ತು. ಅದು ದಾಳಿಯ ಸಂಕೇತವೆಂದು ಬೆದರಿದ ಕಾವಲಿನವರು ಕತ್ತಲಿಗೆ ಗುಂಡು ಹಾರಿಸಿದರು. ದಾಳಿ ಎಲ್ಲೂ ಇರಲಿಲ್ಲ. ಕೂನ್‌ಗೆ ಮಾತ್ರ ಬೇಕಾದ ನೆಪ ಸಿಕ್ಕಿತು: ಪಿತೂರಿ ನಡೆದಿದೆ. ಹಿರಿಯರನ್ನು ಹಿಡಿದು ಚಿತ್ರಹಿಂಸೆ ಕೊಟ್ಟು ಪಿತೂರಿಯ ಒಪ್ಪಿಗೆಯನ್ನೂ ಪಡೆಯಲಾಯಿತು.

1621ರ ಮೇ 8ರಂದು ನಾಸಾವ್ ಕೋಟೆಯ ಪಕ್ಕದಲ್ಲಿ ಬಿದಿರಿನ ಗಳುಗಳಿಂದ ಕಟ್ಟಿದ ಒಂದು ಆವರಣಕ್ಕೆ 44 ಮಂದಿಯನ್ನು ತಂದರು. ಆರು ಮಂದಿ ಜಪಾನಿ ಯೋಧರು, ಚೂಪಾದ ಕತ್ತಿಗಳಿಂದ, ಮೊದಲು ಎಂಟು ಪ್ರಮುಖರನ್ನೂ ಆಮೇಲೆ ಉಳಿದ ಮೂವತ್ತಾರು ಮಂದಿಯನ್ನೂ ತಲೆ ಕಡಿದು ದೇಹಗಳನ್ನು ತುಂಡರಿಸಿದರು. ಅವರ ಹೆಂಡಿರು ಮಕ್ಕಳು ಹೊರಗೆ ಸೆರೆಯಲ್ಲಿದ್ದರು. ಅಲ್ಲಿದ್ದ ಫಾನ್ ವಾರ್ಟ್ ಎಂಬ ಡಚ್ ಲೆಫ್ಟಿನೆಂಟ್ ತಾನು ಕಂಡದ್ದನ್ನು ಹೇಸಿಕೆಯಿಂದ ಬರೆದಿಟ್ಟಿದ್ದಾನೆ. ಅವರು ತಪ್ಪಿತಸ್ಥರೆಂಬ ಬಗ್ಗೆ ಅವನಿಗೇ ನಂಬಿಕೆಯಿರಲಿಲ್ಲ. ಬೆಟ್ಟಕ್ಕೆ ಓಡಿಹೋದವರನ್ನು ಕೂನ್ ಸುತ್ತುವರಿದು ಹಸಿವಿಗೆ ಬಿಟ್ಟ. ಊರುಗಳು ಸುಟ್ಟವು. ಎಷ್ಟೋ ಮಂದಿ ಲೊಂತೋರಿನ ಕಡಿದಾದ ಬಂಡೆಗಳಿಂದ ಹಾರಿಕೊಂಡರು. ಸುಮಾರು 800 ಮಂದಿಯನ್ನು, ಮುದುಕರು ಮಕ್ಕಳೆನ್ನದೆ, ಹಡಗಿನಲ್ಲಿ ಬಟೇವಿಯಾಕ್ಕೆ, ಅಂದರೆ ಇಂದಿನ ಜಕಾರ್ತಾಕ್ಕೆ, ಗುಲಾಮರಾಗಿ ಸಾಗಿಸಲಾಯಿತು. ಮುಂಚೆ ಸುಮಾರು 15,000 ಇದ್ದ ಜನಸಂಖ್ಯೆಯಲ್ಲಿ ದ್ವೀಪಗಳಲ್ಲಿ ಉಳಿದವರು ಸಾವಿರದಷ್ಟು ಎಂಬುದು ಇತಿಹಾಸಕಾರರ ಅಂದಾಜು. ಸ್ವದೇಶದ ಕಂಪನಿಯ ನಿರ್ದೇಶಕರು ಇಷ್ಟು ಕ್ರೌರ್ಯ ಬೇಕಿರಲಿಲ್ಲವೆಂದು ಮೆಲ್ಲಗೆ ಆಕ್ಷೇಪಿಸಿ, ಜೊತೆಗೆ ಬಹುಮಾನವನ್ನೂ ಕೊಟ್ಟರು.

ಆಮೇಲಿನದು ಲೆಕ್ಕಾಚಾರ. ತೋಟಗಳನ್ನು ‘ಪರ್ಕ್’ ಎಂಬ 68 ತುಂಡುಗಳಾಗಿ ವಿಂಗಡಿಸಿ, ಕಂಪನಿಯ ಮಾಜಿ ನೌಕರರಂಥ ಡಚ್ಚರಿಗೆ ಹಂಚಲಾಯಿತು: ಲೊಂತೋರಿನಲ್ಲಿ 34, ಅಯ್‌ನಲ್ಲಿ 31, ನೈರಾದಲ್ಲಿ 3. ಕೆಲಸಕ್ಕೆ ಗುಲಾಮರು. ಅವರನ್ನು ಜಾವಾ, ಬೂತೋನ್, ಕೇಯಿ, ಆರುಗಳಿಂದಲೂ, ನಮ್ಮ ಮಲಬಾರ್ ಕೋರಮಂಡಲಗಳಿಂದಲೂ ತಂದರು. ಬಟ್ಟೆ ಹೋದ ಹಾದಿಯಲ್ಲೇ ಮನುಷ್ಯರೂ ಹೋದರು. ಆದರೆ ಹೊಸಬರಿಗೆ ಆ ಮರದ ಆರೈಕೆ ಗೊತ್ತಿರಲಿಲ್ಲ. ಯಾವ ನೆರಳು ಎಷ್ಟು ಬೇಕು, ಯಾವ ಹಣ್ಣು ಎಂದು ಕೊಯ್ಯಬೇಕು, ಹೊಗೆ ಎಷ್ಟು ದಿನ ಎಂಬುದನ್ನು ಕಲಿಸಲು ಅಳಿದುಳಿದ ಬಾಂಡಾದವರೇ ಬೇಕಾದರು. ತಮ್ಮದೇ ತೋಟದಲ್ಲಿ, ತಮ್ಮವರನ್ನು ಕೊಂದವರ ಗುಲಾಮರಿಗೆ, ತಾವೂ ಗುಲಾಮರಾಗಿ ನಿಂತು ಪಾಠ ಹೇಳಿದರು. ಡಚ್ ಇಂಡೀಸಿನಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ರದ್ದಾದದ್ದು 1860ರಲ್ಲಿ. ಆಮೇಲೆ ಕೈದಿಗಳೂ ಕರಾರಿನ ಕೂಲಿಗಳೂ ಬಂದರು.

ರುನ್ ದ್ವೀಪವನ್ನು ಇಂಗ್ಲಿಷರು ಮ್ಯಾನ್‌ಹಟನ್‌ಗೆ ‘ಅದಲುಬದಲು’ ಮಾಡಿಕೊಂಡರೆಂಬ ಮಾತು ಪ್ರವಾಸಿ ಪುಸ್ತಕಗಳಲ್ಲೆಲ್ಲ ಬರುತ್ತದೆ. ಕೇಳಲು ಸೊಗಸು; ಪೂರ್ತಿ ನಿಜವಲ್ಲ. 1667ರ ಬ್ರೆಡಾ ಒಪ್ಪಂದದಲ್ಲಿ ಆದದ್ದು, ಯುದ್ಧದ ಕೊನೆಗೆ ಯಾರ ಕೈಯಲ್ಲಿ ಏನಿತ್ತೋ ಅದು ಅವರದು ಎಂಬ ತೀರ್ಮಾನ. ಡಚ್ಚರ ಕೈಯಲ್ಲಿ ರುನ್ ಇತ್ತು, ಸುರಿನಾಮ್ ಇತ್ತು. ಇಂಗ್ಲಿಷರು ಹಿಡಿದಿದ್ದ ನ್ಯೂ ಆಮ್‌ಸ್ಟರ್‌ಡ್ಯಾಮ್ ನ್ಯೂಯಾರ್ಕ್ ಆಗಿ ಉಳಿಯಿತು. ಈ ಕತೆಯ ಬಗ್ಗೆ ನಮ್ಮ ಆಕ್ಷೇಪ ಬೇರೆಯದು. ಎಷ್ಟು ಲಾಭ, ಎಷ್ಟು ನಷ್ಟ ಎಂದು ಎರಡು ಕಂಪನಿಗಳ ಪರವಾಗಿ ನಾವೇಕೆ ಇಂದಿಗೂ ಲೆಕ್ಕ ಹಾಕುತ್ತ ಕೂಡಬೇಕು? ಆ ಹೊತ್ತಿಗೆ ರುನ್‌ನಲ್ಲಿ ಜಾಯಿಕಾಯಿ ಮರಗಳೇ ಇರಲಿಲ್ಲ. ಇಂಗ್ಲಿಷರಿಗೆ ದಕ್ಕಬಾರದೆಂದು ಡಚ್ಚರು ಕಡಿದು ಹಾಕಿದ್ದರು.

ಏಕಸ್ವಾಮ್ಯ ಒಡೆದದ್ದು ನಿಧಾನವಾಗಿ, ಕಳ್ಳಗಿಡಗಳಿಂದ. ಮಾರಿಷಸ್‌ನಲ್ಲಿ ಫ್ರೆಂಚ್ ಆಡಳಿತಾಧಿಕಾರಿಯಾಗಿದ್ದ ಪಿಯರ್ ಪುವಾವ್ರ್ (ಆ ಮನೆತನದ ಹೆಸರಿಗೇ ಮೆಣಸು ಎಂದರ್ಥ, ಯೌವನದಲ್ಲಿ ಸಮುದ್ರಯುದ್ಧದಲ್ಲಿ ಒಂದು ತೋಳು ಕಳೆದುಕೊಂಡಿದ್ದವನು) ಕಳಿಸಿದ ಹಡಗು 1770ರಲ್ಲಿ ಮಲುಕುವಿನಿಂದ ಜಾಯಿಕಾಯಿ ಲವಂಗಗಳ ಸಸಿಗಳನ್ನು ಕದ್ದು ತಂದಿತು. 1810ರಲ್ಲಿ ಬ್ರಿಟಿಷ್ ಕಪ್ತಾನ ಕೋಲ್ ಬಿರುಗಾಳಿಯ ಕತ್ತಲಲ್ಲಿ ಇನ್ನೂರಕ್ಕೂ ಕಡಿಮೆ ಜನರೊಂದಿಗೆ ನೈರಾಕ್ಕೆ ಇಳಿದು, ಏಣಿ ಹಾಕಿ ಬೆಲ್ಜಿಕಾ ಕೋಟೆ ಹತ್ತಿ, ಬೆಳಗಾಗುವಷ್ಟರಲ್ಲಿ ಬಾಂಡಾವನ್ನು ಹಿಡಿದ. ಯುರೋಪಿನ ಯುದ್ಧಗಳ ಆ ಕಾಲದಲ್ಲಿ ಬಾಂಡಾವನ್ನು ಎರಡು ಬಾರಿ ಹಿಡಿದು ಎರಡು ಬಾರಿ ಹಿಂದಕ್ಕೆ ಕೊಟ್ಟ ಬ್ರಿಟಿಷರು, ನಡುವೆ ಸಸಿಗಳನ್ನು ಮಣ್ಣಿನ ಸಮೇತ ಪೆನಾಂಗ್‌ಗೆ, ಸಿಲೋನಿಗೆ, ತಮ್ಮ ಇತರ ನೆಲೆಗಳಿಗೆ ಒಯ್ದರು. ಕೊನೆಗೆ ಕೆರಿಬಿಯನ್ನಿನ ಗ್ರೆನಡಾದಲ್ಲಿ ಅದು ಎಷ್ಟು ಹಿಡಿಯಿತೆಂದರೆ ಆ ದೇಶದ ಬಾವುಟದ ಮೇಲೆ ಜಾಯಿಕಾಯಿ ಇದೆ. 1857ರಲ್ಲಿ ಬಾಂಡಾಕ್ಕೆ ಬಂದ ನಿಸರ್ಗವಿಜ್ಞಾನಿ ವಾಲೆಸ್ ಆ ತೋಟಗಳ ಚೆಲುವಿಗೆ ಮನಸೋತು, ಡಚ್ಚರ ಏಕಸ್ವಾಮ್ಯವನ್ನು ಸಮರ್ಥಿಸಿಯೂ ಬರೆದ. ಕೀಟ ಪಕ್ಷಿಗಳ ವಿಷಯದಲ್ಲಿ ಅಷ್ಟು ಸೂಕ್ಷ್ಮವಾಗಿದ್ದ ಕಣ್ಣು ಇಲ್ಲಿ ಮಬ್ಬಾದದ್ದು ನಮಗೆ ಅಚ್ಚರಿ.

ಬೆಲೆ ಕುಸಿದ ಮೇಲೆ ಬಾಂಡಾ ಮರೆತ ಊರಾಯಿತು. ಬಿಳಿಯ ಕಂಬಗಳ ತೋಟದ ಮನೆಗಳು ಪಾಚಿಗಟ್ಟಿದವು. ಮರೆತ ಊರು ಸರ್ಕಾರಗಳಿಗೆ ಇನ್ನೊಂದು ಉಪಯೋಗಕ್ಕೆ ಬರುತ್ತದೆ: ಬೇಡವಾದವರನ್ನು ಇಡಲು. 1936ರಲ್ಲಿ ಡಚ್ ಸರ್ಕಾರ ನ್ಯೂಗಿನಿಯ ಮಲೇರಿಯಾದ ಶಿಬಿರವಾದ ಬೋವೆನ್ ಡಿಗೂಲ್‌ನಿಂದ ಇಬ್ಬರು ರಾಜಕೀಯ ಬಂದಿಗಳನ್ನು ನೈರಾಕ್ಕೆ ತಂದಿಳಿಸಿತು: ಮೊಹಮ್ಮದ್ ಹತ್ತಾ ಮತ್ತು ಸುತನ್ ಶಹರೀರ್. ಹತ್ತಾ ಅವರ ಸಾಮಾನೆಂದರೆ ಹದಿನಾರು ಪೆಟ್ಟಿಗೆ ಪುಸ್ತಕ. ಆರು ವರ್ಷ ಅವರು ಅಲ್ಲಿದ್ದರು. ಸಂಜೆ ಒಂದೇ ಹೊತ್ತಿಗೆ ಒಂದೇ ಹಾದಿಯಲ್ಲಿ ನಡೆಯುವ ಶಿಸ್ತಿನ ಹತ್ತಾ, ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು ಕಡಲಿಗೆ ಬೀಳುವ ಶಹರೀರ್. ಇಬ್ಬರೂ ಊರ ಮಕ್ಕಳಿಗೆ ಪಾಠ ಹೇಳಿದರು. ಶಹರೀರ್ ಕೆಲವು ಮಕ್ಕಳನ್ನು ದತ್ತು ತೆಗೆದುಕೊಂಡಂತೆಯೇ ಸಾಕಿದರು. 1942ರ ಆರಂಭದಲ್ಲಿ ಜಪಾನಿಯರು ಸಮೀಪಿಸಿದಾಗ ಇಬ್ಬರನ್ನೂ ಕರೆದೊಯ್ಯಲು ಕಟಲೀನಾ ಜಲವಿಮಾನ ಬಂತು. ಮಕ್ಕಳನ್ನು ಬಿಟ್ಟು ಬರುವುದಿಲ್ಲವೆಂದು ಶಹರೀರ್ ಹಟ ಹಿಡಿದರು, ವಿಮಾನದಲ್ಲಿ ಜಾಗವಿರಲಿಲ್ಲ, ಪುಸ್ತಕದ ಪೆಟ್ಟಿಗೆಗಳು ಉಳಿದವು, ಮಕ್ಕಳು ಹತ್ತಿದರು. ಪುಸ್ತಕಪ್ರಿಯರಾದ ನಮಗೆ ಹತ್ತಾ ಅವರ ಮುಖ ಆ ಹೊತ್ತಿನಲ್ಲಿ ಹೇಗಿದ್ದಿರಬಹುದೆಂದು ಊಹಿಸದಿರಲು ಆಗುವುದಿಲ್ಲ.

ಮೂರು ವರ್ಷಗಳಲ್ಲಿ ಹತ್ತಾ ಸ್ವತಂತ್ರ ಇಂಡೋನೇಷಿಯಾದ ಉಪಾಧ್ಯಕ್ಷರಾದರು, ಶಹರೀರ್ ಅದರ ಮೊದಲ ಪ್ರಧಾನಿ. 1947ರ ವಸಂತದಲ್ಲಿ ದೆಹಲಿಯ ಏಷ್ಯಾ ಸಂಬಂಧಗಳ ಸಮ್ಮೇಳನಕ್ಕೆ ಶಹರೀರ್ ಬಂದಿದ್ದರು. ಅದೇ ಜುಲೈಯಲ್ಲಿ ಡಚ್ಚರ ಸೇನಾ ಕಾರ್ಯಾಚರಣೆಯ ನಡುವೆ ಅವರನ್ನು ಜಾವಾದಿಂದ ಭಾರತಕ್ಕೆ ವಿಮಾನದಲ್ಲಿ ಹಾರಿಸಿ ತಂದವರು ಒಡಿಶಾದ ಬಿಜು ಪಟ್ನಾಯಕ್. ಬಾಂಡಾದಲ್ಲಿ ರೊಸೆಂಗೈನ್ ಎಂಬ ದ್ವೀಪಕ್ಕೆ ಈಗ ಹತ್ತಾ ಎಂದೂ, ಬಾಳೆಯ ದ್ವೀಪವೆಂಬ ಅರ್ಥದ ಪೀಸಾಂಗ್‌ಗೆ ಶಹರೀರ್ ಎಂದೂ ಹೆಸರು.

ಇಂದಿನ ಬಾಂಡಾದಲ್ಲಿ ಇಪ್ಪತ್ತು ಸಾವಿರದಷ್ಟು ಜನರಿದ್ದಾರೆ. ಆಂಬೋನ್‌ನಿಂದ ಸರ್ಕಾರಿ ಪ್ರಯಾಣಿಕ ಹಡಗು ಬಂದ ದಿನ ನೈರಾದ ಜೆಟ್ಟಿ ಜಾತ್ರೆಯಾಗುತ್ತದೆ. ಮೀನು, ಕೆನಾರಿ ಬೀಜ, ಜಾಯಿಹಣ್ಣಿನ ತೊಗಟೆಯ ಸಕ್ಕರೆಪಾಕದ ಮಿಠಾಯಿ ಎಲ್ಲವೂ ಅಲ್ಲಿ. 1988ರ ಲಾವಾ ಕಡಲಿಗಿಳಿದ ಜಾಗದಲ್ಲಿ ಹವಳ ಅಚ್ಚರಿಯ ವೇಗದಲ್ಲಿ ಮತ್ತೆ ಬೆಳೆದಿರುವುದನ್ನು ನೋಡಲು ಮುಳುಗುಗಾರರು ಬರುತ್ತಾರೆ. 1999ರಲ್ಲಿ ಮಲುಕುವಿನ ಕೋಮುದಳ್ಳುರಿ ಇಲ್ಲಿಗೂ ತಗುಲಿ, ಕ್ರೈಸ್ತ ಕುಟುಂಬಗಳು ಊರು ಬಿಟ್ಟವು. ಈಗಿನ ಜನ ಹೆಚ್ಚಿನಂಶ ಆ ಗುಲಾಮರ, ಕೈದಿಗಳ, ಕೂಲಿಗಳ, ಅರಬ್ಬೀ ಚೀನೀ ವ್ಯಾಪಾರಿಗಳ, ಬೂತೋನಿನ ಬೆಸ್ತರ ಸಂತತಿ. ಆಡುವ ಮಾತು ಮಲಯದ ಒಂದು ಒಳನುಡಿ. ಆದರೂ ಅವರು ತಮ್ಮನ್ನು ಬಾಂಡಾದವರೆಂದೇ ಹೇಳಿಕೊಳ್ಳುತ್ತಾರೆ, ಊರ ಕಟ್ಟಳೆಗಳನ್ನು ನಡೆಸುತ್ತಾರೆ, ‘ಚಕಲೇಲೆ’ ಎಂಬ ಯೋಧನೃತ್ಯದಲ್ಲಿ ತಮ್ಮ ರಕ್ತಸಂಬಂಧಿಗಳಲ್ಲದ ಆ 44 ಹಿರಿಯರನ್ನು ನೆನೆಯುತ್ತಾರೆ. ಇದನ್ನು ಸುಳ್ಳು ಪರಂಪರೆ ಎನ್ನುವುದು ಸುಲಭ. ನಮಗೆ ಹಾಗನ್ನಿಸುವುದಿಲ್ಲ. ಬಲವಂತವಾಗಿ ತಂದು ಬಿಟ್ಟ ನೆಲದಲ್ಲಿ, ಅಲ್ಲಿ ಸತ್ತವರನ್ನು ತಮ್ಮ ಹಿರಿಯರೆಂದು ಒಪ್ಪಿಕೊಂಡ ಜನ ಅವರು. ಕೊಂದವನ ಊರಿನಲ್ಲಿ ಅಷ್ಟು ಸುಲಭವಾಗಿ ಲೆಕ್ಕ ತೀರಿಲ್ಲ. ಹಾಲೆಂಡಿನ ಹೋರ್ನ್ ಪಟ್ಟಣದಲ್ಲಿ 1893ರಲ್ಲಿ ನಿಲ್ಲಿಸಿದ ಕೂನ್ ಪ್ರತಿಮೆ 2011ರಲ್ಲಿ ಕ್ರೇನ್ ತಗುಲಿ ಉರುಳಿತು. ಬೇಕೋ ಬೇಡವೋ ಎಂಬ ಚರ್ಚೆಯ ಬಳಿಕ, ಅವನ ಕೃತ್ಯಗಳನ್ನೂ ಹೇಳುವ ಫಲಕದೊಂದಿಗೆ ಮತ್ತೆ ನಿಲ್ಲಿಸಿದರು.

ಹಾಗಾದರೆ ಹಳೆಯ ಬಾಂಡಾದ ನುಡಿ? 1621ರಲ್ಲಿ ದೋಣಿಗಳಲ್ಲಿ ತಪ್ಪಿಸಿಕೊಂಡವರು ತಮಗೆ ಸಾಗು ಮಾರುತ್ತಿದ್ದ ದ್ವೀಪಗಳಿಗೇ ಓಡಿದರು: ಸೆರಾಮ್‌ಗೆ, ಮಕಾಸ್ಸರ್‌ಗೆ, ಮುನ್ನೂರು ಕಿಲೋಮೀಟರಿಗೂ ದೂರದ ಕೇಯಿ ದ್ವೀಪಗಳಿಗೆ. ವ್ಯಾಪಾರದ ನಂಟು ಆಶ್ರಯವಾಯಿತು. ಕೇಯಿ ಬೆಸಾರ್ ದ್ವೀಪದ ಬಾಂಡಾ ಎಲಿ, ಬಾಂಡಾ ಎಲಾತ್ ಎಂಬ ಎರಡು ಊರುಗಳಲ್ಲಿ ಇಂದಿಗೂ ಅವರ ಸಂತತಿಯವರಿದ್ದಾರೆ. ಜಗತ್ತಿನಲ್ಲಿ ಬಾಂಡಾ ಭಾಷೆಯನ್ನಾಡುವ ಊರುಗಳು ಅವೇ. ಮಾತನಾಡುವವರು ಕೆಲವೇ ಸಾವಿರ. ತಮ್ಮ ನಾಡನ್ನು ಅವರು ಕರೆಯುವುದು ‘ವಂದನ್’ ಎಂದು, ಭಾಷೆಯನ್ನು ‘ತುರ್‌ವಂದನ್’ ಎಂದು. ಸುತ್ತಲಿನ ಕೇಯಿ ಜನರ ಭಾಷೆಯೇ ಬೇರೆ. ನಾಲ್ಕು ಶತಮಾನ ಅವರ ನಡುವೆ ಬಾಳಿಯೂ, ಮಡಕೆ ಮಾಡಿ, ದೋಣಿ ಕಟ್ಟಿ, ವ್ಯಾಪಾರ ಮಾಡಿ, ಮನೆಯೊಳಗಿನ ಮಾತನ್ನು ಬಿಡಲಿಲ್ಲ. ಫಿನ್‌ಲ್ಯಾಂಡಿನ ಮಾನವಶಾಸ್ತ್ರಜ್ಞ ಟಿಮೊ ಕಾರ್ತಿನೆನ್ ಬಾಂಡಾ ಎಲಿಯಲ್ಲಿ ಇದ್ದು ಅವರ ಹಾಡುಗಳನ್ನು ಅಧ್ಯಯನ ಮಾಡಿದ್ದಾರೆ. ಹೆಚ್ಚಿನವು ಪ್ರಯಾಣದ ಹಾಡುಗಳು: ಹಿರಿಯರು ಕಡಲು ದಾಟಿದ ಹಾದಿ, ಇಳಿದ ದಡಗಳ ಹೆಸರು.

ತಾಯ್ನೆಲದಲ್ಲಿ ನೆಲೆ ನಿಂತವರ ನಾಲಗೆಯಲ್ಲಿ ಆ ಭಾಷೆ ಇಲ್ಲ; ಆ ಭಾಷೆಯನ್ನು ಉಳಿಸಿಕೊಂಡವರ ಕಾಲಡಿ ಆ ನೆಲ ಇಲ್ಲ. ಇಬ್ಬರಲ್ಲಿ ಯಾರು ನಿಜವಾದ ಬಾಂಡಾದವರು ಎಂದು ಕೇಳುವವರು ನಮ್ಮ ಬೈಠಕ್ಕುಗಳಲ್ಲೂ ಇದ್ದಾರೆ. ಮೂರನೆಯ ತಲೆಮಾರಿನ ಮಾಟುಂಗದ ಹುಡುಗಿ ಕನ್ನಡದವಳೋ ಅಲ್ಲವೋ ಎಂದು ಕೇಳಿದಂತೆ. ಕೇಯಿಯ ಆ ಎರಡು ಊರುಗಳ ಮಕ್ಕಳು ಈಗ ಓದಿಗೂ ಕೆಲಸಕ್ಕೂ ತುವಾಲ್‌ಗೆ, ಆಂಬೋನ್‌ಗೆ, ಜಕಾರ್ತಾಕ್ಕೆ ಹೋಗುತ್ತಿದ್ದಾರೆ. ಶಾಲೆಯ ಭಾಷೆ ಇಂಡೋನೇಷಿಯನ್, ಫೋನಿನ ಭಾಷೆಯೂ ಅದೇ. ಹಿರಿಯರು ಹಾಡುವ ಹಾಡಿನಲ್ಲಿ ಬರುವ ಎಷ್ಟೋ ಮಾತುಗಳ ಅರ್ಥವನ್ನು ಮೊಮ್ಮಕ್ಕಳಿಗೆ ಮಲಯದಲ್ಲಿ ಬಿಡಿಸಿ ಹೇಳಬೇಕಾಗಿದೆ.